ಸಂಬಂಧ ನೋಡೋ ಕೆಲಸ

ಸೊಪ್ಪಿನ ಸಾಕಮ್ಮ ಕೊತ್ತಂಬರಿ ಕಟ್ಟು ಬಿಚ್ಚುತ್ತಾ ಕೇಳಿದಳು:

'ಟೈ ಬಿಗ್ಕೊಂಡು ಎತ್ಲಾಗ್ಲಾ ರಾಜ? ಏಜೆಂಟ್ ಕೆಲ್ಸಕ್ಕಾ?'

'ಏಜೆಂಟ್ ಅನ್ಬೇಡ ಅತ್ತೆ, ಹಳೇ ಹೆಸ್ರು. ಈಗ ರಿಲೇಷನ್‌ಶಿಪ್ ಮ್ಯಾನೇಜರ್!'

'ಹಂಗಂದ್ರೆ?'

'ಸಂಬಂಧ ನೋಡ್ಕೊಳೋನು.'

'ಒಳ್ಳೇದಾಯ್ತು. ನಮ್ಮ ಗೌರಿಗೂ ಒಂದು ನೋಡಪ್ಪ.'

'ಅಯ್ಯೋ, ನಾನು ಮಾರೋದು ವಿಮೆ! ದೊಡ್ಡ ಹೆಸ್ರು ನಮಗೊಬ್ರಿಗೇ ಅಲ್ಲ. ಔಷಧಿ ರೆಪ್‌ಗಳಿಗಂತೂ 1976ರ ಕಾನೂನಲ್ಲೇ ಮಾರಾಟ ಪ್ರವರ್ತನಾ ನೌಕರರು ಅಂತ ಹೆಸರಿಟ್ಟಿದ್ರು.'

'ಓ, ಅವ್ರು ಪ್ರವರ ಹೇಳೋರಾ? ಸರಿ, ಹೆಸ್ರು ಬದ್ಲಾದ್ಮೇಲೆ ಸಂಬಳ ಏರ್ತಾ?'

'ಇಲ್ಲ, ಟಾರ್ಗೆಟ್ ಏರ್ತು. ನಿನಗೂ ಒಂದು ಹೆಸ್ರು ಇಡ್ಲಾ? ಗ್ರೀನ್ಸ್ ಕನ್ಸಲ್ಟೆಂಟ್!'

'ಇಟ್ರೆ ಬಾಡಿದ ಸೊಪ್ಪು ನಿಗರ್ಕೊಳ್ತದಾ?'

'ಅದಕ್ಕೆ ನೀರು ಚಿಮುಕಿಸ್ಬೇಕು.'

'ನಿಮ್ಮ ಕಂಪ್ನಿಯೋರೂ ನಿಂಗೆ ಅದನ್ನೇ ಮಾಡವ್ರೆ, ಬಿಡು!'