ಪವಾಯಿಗೆ ರೈಲಿಲ್ಲ

2020ರ ಮೇ ಮೊದಲ ವಾರದಲ್ಲಿ ಆ ಸರ್ಕಾರಿ ಆದೇಶ ಬರುವವರೆಗೆ ನಾನು ವಯಸ್ಸನ್ನು ಕಡಿಮೆ ಮಾಡಿ ಹೇಳುವ ಪಂಗಡದವನು. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ಕಾರ್ಯಕ್ರಮವಿದೆ ಎಂದರೆ ಹಿಂದಿನ ರಾತ್ರಿಯೇ ಕೂದಲಿಗೆ ಬಣ್ಣ ಬೀಳುತ್ತಿತ್ತು. ಆದೇಶ ಏನೆಂದರೆ, ಮುಂಬಯಿಯ ಖಾಸಗಿ ವೈದ್ಯರು ಕನಿಷ್ಠ 15 ದಿನ ಕೋವಿಡ್ ರೋಗಿಗಳ ಸೇವೆ ಮಾಡಬೇಕು, 55 ದಾಟಿದವರಿಗೆ ವಿನಾಯಿತಿ. ನನಗೆ 54. ಜನ್ಮದಲ್ಲಿ ಮೊದಲ ಸಲ ಒಂದು ವರ್ಷ ಸಾಲ ಸಿಗುತ್ತದೆಯೇ ಎಂದು ಹುಡುಕಾಡಿದೆ. “ಅಷ್ಟು ವರ್ಷ ಬಣ್ಣ ಹಚ್ಚಿದ್ದಕ್ಕೆ ಫಲ ಸಿಕ್ಕಿತಲ್ಲ, ಹೋಗಿಬನ್ನಿ” ಎಂದಳು ಹೆಂಡತಿ.

ನಾನು ಚರ್ಮದ ಡಾಕ್ಟರು. ಭಾಂಡುಪಿನಲ್ಲಿ ಕ್ಲಿನಿಕ್ಕು. ಗಜಕರ್ಣ, ಮೊಡವೆ, ತಲೆಹೊಟ್ಟು, ಇಷ್ಟೇ ನನ್ನ ಸಾಮ್ರಾಜ್ಯ. ಇಷ್ಟೂ ವರ್ಷ ಒಂದೇ ಉಪದೇಶದಲ್ಲಿ ಸಂಸಾರ ಸಾಗಿಸಿದವನು: “ತುರಿಸಬೇಡಿ.” ಅಂಥವನನ್ನು ಉಪನಗರದ ಒಂದು ಮೈದಾನದಲ್ಲಿ ರಾತ್ರೋರಾತ್ರಿ ಎದ್ದ ಶೆಡ್ಡಿಗೆ, ಆಮ್ಲಜನಕ ಬೇಕಾದ ರೋಗಿಗಳ ಸಾಲಿನ ಮುಂದೆ ತಂದು ನಿಲ್ಲಿಸಿದರು. ನನ್ನ ಮಗನ ವಯಸ್ಸಿನ ಒಬ್ಬ ಹುಡುಗ ಡಾಕ್ಟರು ಸಿಲಿಂಡರಿನ ಮೀಟರು ಓದುವುದನ್ನು ಕಲಿಸಿಕೊಟ್ಟ. ಎಷ್ಟು ತಾಳ್ಮೆಯಿಂದ ಕಲಿಸಿದನೆಂದರೆ, ನನಗೆ ಅವಮಾನವಾಗಲು ಎರಡು ದಿನ ಬೇಕಾಯಿತು.

ನಮ್ಮ ಪಾಳಿಯಲ್ಲಿ ಇದ್ದವರು ಆ ಹುಡುಗ, ವಿರಾರಿನಿಂದ ಬರುತ್ತಿದ್ದ ಸಿಸ್ಟರು, ಮತ್ತು ಮಾವ್ಶಿ. ಮುಂಬಯಿ ಆಸ್ಪತ್ರೆಗಳಲ್ಲಿ ಆಯಾ ಎಂದರೆ ಯಾರೂ ತಿರುಗಿ ನೋಡುವುದಿಲ್ಲ, ಮಾವ್ಶಿ ಎನ್ನಬೇಕು. ನಮ್ಮ ಮಾವ್ಶಿ ಅಕ್ಕಲಕೋಟೆಯ ಕಡೆಯವರು. ನಾನು ಫೋನಿನಲ್ಲಿ ಮನೆಗೆ ಮಾತಾಡುತ್ತಿದ್ದುದನ್ನು ಕೇಳಿ, “ಸಾಹೇಬ್ರ, ನೀವು ನಮ್ಮವ್ರೇ ಏನ್ರಿ! ಆದ್ರ ಇದೇನ್ ಕನ್ನಡಾರಿ, ಬರೇ ತೆಂಗಿನಕಾಯಿ ವಾಸ್ನೀ” ಎಂದು ನನ್ನ ಕುಂದಾಪುರವನ್ನು ಒಂದೇ ಏಟಿಗೆ ವಿಲೇವಾರಿ ಮಾಡಿದರು. ಲೋಕಲ್ ರೈಲು ನಿಂತಿದ್ದ ಕಾಲ. ಸಿಸ್ಟರೂ ಮಾವ್ಶಿಯೂ ಬಸ್ಸು ಬದಲಿಸಿ ಬದಲಿಸಿ ಬರುವ ಹೊತ್ತಿಗೆ ಅರ್ಧ ಪಾಳಿಯ ದಣಿವು ರಸ್ತೆಯಲ್ಲೇ ಮುಗಿದಿರುತ್ತಿತ್ತು. ನಮ್ಮ ಹೌಸಿಂಗ್ ಸೊಸೈಟಿಯವರು ಮಾರ್ಚ್ 22ರ ಸಂಜೆ ಬಾಲ್ಕನಿಗೆ ಬಂದು ತಟ್ಟೆ ಬಾರಿಸಿದ್ದರು, ಅದೇ ಜನ ಈಗ ನಾನು ಲಿಫ್ಟು ಬಳಸಬಾರದು ಎಂದು ವಾಟ್ಸಾಪಿನಲ್ಲಿ ವಿನಂತಿಸಿದ್ದರು. ಐದನೆಯ ಮಹಡಿ. ತಟ್ಟೆ ಬಾರಿಸಿದ ಕೈಗಳ ಪಟ್ಟಿ ನನ್ನ ಬಳಿ ಇನ್ನೂ ಇದೆ. ಇರಲಿ.

ಮುಖ್ಯ ವಿಷಯ ನನ್ನ ಬೆನ್ನು.

ಮೇ ತಿಂಗಳ ಮುಂಬಯಿ, ಅದರೊಳಗೆ ತಗಡಿನ ಶೆಡ್ಡು, ಅದರೊಳಗೆ ಪಿಪಿಇ ಕಿಟ್ಟು, ಅದರೊಳಗೆ ನಾನು. ಆ ದಿನ ಪಾಳಿ ಶುರುವಾದ ಸ್ವಲ್ಪ ಹೊತ್ತಿಗೆಲ್ಲ ಬೆನ್ನಿನ ನಡುವೆ ಒಂದು ನವೆ ಎದ್ದಿತು. ಬೆವರುಸಾಲೆ ಎಂದು ನಿಂತಲ್ಲೇ ರೋಗನಿದಾನ ಮಾಡಿದೆ. ಬೆವರಿನ ನಾಳದ ಬಾಯಿ ಕಟ್ಟಿ, ಬೆವರು ಚರ್ಮದೊಳಗೇ ಉಳಿದು ಚುಚ್ಚುತ್ತದೆ, ತುರಿಸಿದರೆ ಹೆಚ್ಚಾಗುತ್ತದೆ. ಎಲ್ಲ ಗೊತ್ತು. ಗೊತ್ತಿದ್ದೇ ಒಂದು ಕಂಬದ ಕಡೆಗೆ ಜಾರುತ್ತಿದ್ದೆ. “ಕಂಬಕ್ಕೆ ಉಜ್ಜಬೇಡಿ ಸರ್! ಕಿಟ್ಟು ಹರಿದರೆ ಇನ್ನೊಂದು ಕೊಡೋದಿಲ್ಲ” ಎಂದು ಸಿಸ್ಟರು ಕೂಗಿದರು. ನಲವತ್ತು ಹಾಸಿಗೆಗಳು ನನ್ನತ್ತ ತಿರುಗಿದವು.

“ಯಾಕ್ರಿ ಸಾಹೇಬ್ರ, ಎಲ್ಲಿ ಕಡೀಲಿಕತ್ತದ?” ಮಾವ್ಶಿ ಕೇಸ್‌ಪೇಪರಿನ ರಟ್ಟು ಹಿಡಿದು ಬಂದರು. ಅದರ ಮೊಂಡು ಅಂಚಿನಿಂದ ಬೆನ್ನಿಗೆ ಒತ್ತಿದರು. ಇನ್ನೂ ಮೇಲೆ ಎಂದೆ. ಜಾಸ್ತಿ ಆಯಿತು. ಎಡಕ್ಕೆ ಎಂದೆ. ನಿಮ್ಮ ಎಡವೋ ನನ್ನ ಎಡವೋ ಎಂಬ ಚರ್ಚೆ ಶುರುವಾಯಿತು. ಎರಡು ಕೈಗವಸು, ಮುಖಗವಸು, ಬೆವರಿಟ್ಟ ಕನ್ನಡಕ ಇವುಗಳ ಒಳಗಿನಿಂದ ಯಾರ ಮಾತೂ ಯಾರಿಗೂ ಸರಿಯಾಗಿ ಕೇಳುತ್ತಿರಲಿಲ್ಲ.

ಆಗ ಮೂಲೆಯ ಹಾಸಿಗೆಯ ಅಜ್ಜ ಆಕ್ಸಿಜನ್ ಮಾಸ್ಕು ಸ್ವಲ್ಪ ಸರಿಸಿ ಮರಾಠಿಯಲ್ಲಿ ಒಂದು ಪ್ರಶ್ನೆ ಕೇಳಿದರು: “ಸ್ಟೇಷನ್ ಯಾವುದು ಹೇಳಿ.” ಅವರು ಸೆಂಟ್ರಲ್ ರೈಲ್ವೆಯ ನಿವೃತ್ತ ಮೋಟರ್‌ಮನ್. ಅವರ ಪ್ರಕಾರ ಬೆನ್ನು ಎಂದರೆ ಮುಂಬಯಿಯೇ: ಸೊಂಟದಲ್ಲಿ ವಿಟಿ, ಎಡ ಭುಜಕ್ಕೆ ಬೋರಿವಲಿ, ಬಲ ಭುಜಕ್ಕೆ ಮುಲುಂಡ್. ಹುಡುಗ ಡಾಕ್ಟರಿಗೆ ಇಷ್ಟು ಸಾಕಾಯಿತು. ಕಿಟ್ಟಿನ ಮೇಲೆ ಹೆಸರು ಬರೆಯುವ ಮಾರ್ಕರ್ ತೆಗೆದು ನನ್ನ ಬೆನ್ನ ಮೇಲೆ ಎರಡು ಗೆರೆ ಎಳೆದೇಬಿಟ್ಟ, ವೆಸ್ಟರ್ನ್ ಮತ್ತು ಸೆಂಟ್ರಲ್. “ನಮ್ಮ ವಿರಾರ್ ಎಲ್ಲಿ?” ಎಂದರು ಸಿಸ್ಟರು. ಅದು ನನ್ನ ತಲೆಯ ಮೇಲಿದೆ ಎಂದು ಉತ್ತರ ಬಂತು.

ಮಾವ್ಶಿಯ ರಟ್ಟು ವಿಟಿ ಬಿಟ್ಟಿತು. ಭಾಯ್ಖಳಾದಲ್ಲಿ ಏನೂ ಇಲ್ಲ. ದಾದರಿನಲ್ಲಿ ಹಾಯೆನಿಸಿತು, ಆದರೆ ಅದಲ್ಲ. “ಕುರ್ಲಾದಲ್ಲಿ ನಿಧಾನ, ಅಲ್ಲಿ ಹಾರ್ಬರ್ ಲೈನ್ ಸೇರ್ತದೆ!” ಎಂದರು ಅಜ್ಜ. ಘಾಟ್ಕೋಪರ್, ವಿಕ್ರೋಲಿ. ಇನ್ನು ಎಡಕ್ಕೆ, ಇನ್ನು ಎಡಕ್ಕೆ ಎಂದು ನಾನು ಬಡಬಡಿಸಿದೆ. ಅಜ್ಜ ಕಣ್ಣು ಮುಚ್ಚಿ ಲೆಕ್ಕ ಹಾಕಿ, ದೊಡ್ಡ ಸರ್ಜನ್ನರು ಕೆಟ್ಟ ಸುದ್ದಿ ಹೇಳುವ ಧಾಟಿಯಲ್ಲಿ ಹೇಳಿದರು: “ಡಾಕ್ಟರರ ನವೆ ಪವಾಯಿ ಕೆರೆಯಲ್ಲಿದೆ. ಪವಾಯಿಗೆ ರೈಲಿಲ್ಲ.”

ಶೆಡ್ಡಿನಲ್ಲಿ ಕೋಲಾಹಲ. ಕಾಂಜೂರ್‌ಮಾರ್ಗದಲ್ಲಿ ಇಳಿದು ಬಸ್ಸು ಹಿಡಿಯಬೇಕು ಎಂದರು ಅಜ್ಜ. ಅಂಧೇರಿಯಿಂದ ಬಂದರೇ ಹತ್ತಿರ ಎಂದು ಎದುರು ಹಾಸಿಗೆಯ ಜೋಗೇಶ್ವರಿಯವರು ಎದ್ದು ಕುಳಿತರು. ಸೆಂಟ್ರಲ್‌ನವರಿಗೆ ವೆಸ್ಟರ್ನ್‌ನವರು ದಾರಿ ತೋರಿಸುವುದೇ! ಎರಡು ಲೈನುಗಳ ಶತಮಾನದ ಹಗೆ ಪಲ್ಸ್ ಆಕ್ಸಿಮೀಟರ್ ಸಮೇತ ಭುಗಿಲೆದ್ದಿತು. ಮಧ್ಯಸ್ಥಿಕೆಗೆ ನಿಂತ ಸಿಸ್ಟರು ಇನ್ನೊಂದು ರಟ್ಟು ತಂದು ಅಂಧೇರಿಯಿಂದ ಹೊರಟರು, ಮಾವ್ಶಿ ಕಾಂಜೂರಿನಿಂದ. ಎರಡೂ ಏಕಕಾಲಕ್ಕೆ ಕೆರೆ ಮುಟ್ಟಿದ ಆ ಕ್ಷಣವನ್ನು ನಾನು ವರ್ಣಿಸಲಾರೆ. ಮೊಣಕಾಲು ಮಡಚಿತು. ಬಾಯಿಂದ ಬಂದ ಸದ್ದನ್ನು ಚರ್ಮರೋಗ ತಜ್ಞರ ಸಂಘ ಕೇಳಿಸಿಕೊಂಡಿದ್ದರೆ ನನ್ನ ಸದಸ್ಯತ್ವ ಹೋಗುತ್ತಿತ್ತು. ಜನ ಚಪ್ಪಾಳೆ ತಟ್ಟಿದರು. ನನಗಾಗಿ ಬಿದ್ದ ಚಪ್ಪಾಳೆಗಳಲ್ಲಿ ನಾನು ಒಪ್ಪಿಕೊಳ್ಳುವುದು ಅದೊಂದನ್ನೇ.

ಅಷ್ಟರಲ್ಲಿ ಅಜ್ಜನ ಮೀಟರು ಕಿರುಚಿತು. ನಕ್ಕು ನಕ್ಕು 88ಕ್ಕೆ ಇಳಿದಿದ್ದರು. “ಯಾರೂ ನಗಬಾರದು!” ಎಂದು ಸಿಸ್ಟರು ಗದರಿದರು. ಅವರ ಭುಜವೇ ಕುಲುಕುತ್ತಿತ್ತು. ಆ ನಕ್ಷೆ ಪಾಳಿ ಮುಗಿದ ಮೇಲೆ ಕಿಟ್ಟಿನ ಜೊತೆ ಕೆಂಪು ಚೀಲಕ್ಕೆ ಹೋಯಿತು.

1896ರಲ್ಲಿ ಈ ಊರಿಗೆ ಪ್ಲೇಗು ಬಂದಾಗ ಹಾಫ್‌ಕಿನ್ ಎಂಬ ಮಹಾನುಭಾವ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಸಿಕ್ಕ ಜಾಗದಲ್ಲೇ ಪ್ರಯೋಗಾಲಯ ಹೂಡಿ, ಮೂರು ತಿಂಗಳಲ್ಲಿ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಸಿಕೊಂಡ. ಅವನ ಹೆಸರಿನ ಸಂಸ್ಥೆ ಪರೇಲಿನಲ್ಲಿದೆ. ಆ ಮೂರು ತಿಂಗಳಲ್ಲಿ ಸಹಾಯಕರಲ್ಲಿ ಒಬ್ಬ ಮನಸ್ಸು ಕುಸಿದು ಕೂತನಂತೆ, ಇಬ್ಬರು ಕೆಲಸವನ್ನೇ ಬಿಟ್ಟರಂತೆ. ಮೊದಲು ಇದನ್ನು ಓದಿದಾಗ ಆ ಮೂವರ ಮೇಲೆ ಸಿಟ್ಟು ಬಂದಿತ್ತು. ಈಗ ಅನಿಸುತ್ತದೆ, ಪಾಪ, ಅಲ್ಲಿ ಒಬ್ಬ ಮಾವ್ಶಿ ಇರಲಿಲ್ಲ.

ಅಜ್ಜನಿಗೆ ಕವುಚಿ ಮಲಗುವುದೆಂದರೆ ಆಗದು. ಶ್ವಾಸಕೋಶದ ದೊಡ್ಡ ಭಾಗ ಇರುವುದೇ ಬೆನ್ನಿನ ಕಡೆಗೆ, ಅಂಗಾತ ಮಲಗಿದರೆ ಅದು ಅದುಮಿಹೋಗುತ್ತದೆ, ಕವುಚಿದರೆ ಗಾಳಿ ಸಿಗುತ್ತದೆ ಎಂದು ಹುಡುಗ ಡಾಕ್ಟರು ಎಷ್ಟು ಹೇಳಿದರೂ ಅಜ್ಜ ಹತ್ತು ನಿಮಿಷಕ್ಕೆ ಮಗುಚಿಕೊಳ್ಳುತ್ತಿದ್ದರು. ಮರುದಿನ ಮಾವ್ಶಿ ಹೋಗಿ, “ಕಲ್ಯಾಣ್ ಸ್ಲೋ ಬಿಡ್ತೀನಿ, ಉಲ್ಟಾ ಬೀಳ್ರಿ” ಎಂದರು. ಅಜ್ಜ ಬಿದ್ದರು. ಗಾರ್ಡು ಎರಡು ಬೆಲ್ ಕೊಡದೆ ಗಾಡಿ ಬಿಡಬಾರದೆಂಬ ಷರತ್ತು ಹಾಕಿದರು. ಟಿಣ್ ಟಿಣ್ ಎಂದರು ಮಾವ್ಶಿ. ಗವಸಿನ ಬೆರಳು ಪ್ರತಿ ಸ್ಟೇಷನ್ನಿಗೂ ನಿಲ್ಲುತ್ತ ಮೇಲೆ ಹೋಯಿತು. ನಡುನಡುವೆ ಬೇರೆ ಕೆಲಸಕ್ಕೆ ಓಡಿದಾಗ, “ಸಿಗ್ನಲ್ ಸಿಕ್ಕಿಲ್ಲ” ಎಂದು ಅಜ್ಜನೇ ಸಮಾಧಾನ ಹೇಳಿಕೊಂಡರು. ಒಂದೂವರೆ ತಾಸು ಕವುಚಿ ಮಲಗಿದ್ದರು. ಮೀಟರು 94 ತೋರಿಸಿತು. ಹುಡುಗ ಡಾಕ್ಟರು ಕೇಸ್‌ಪೇಪರಿನಲ್ಲಿ ಏನು ಬರೆಯುವುದೆಂದು ಪೆನ್ನು ಕಚ್ಚುತ್ತ ನಿಂತಿದ್ದ.

ಅಂಧೇರಿ ದಾರಿ ಹೇಳಿದ ಜೋಗೇಶ್ವರಿಯವರನ್ನು ಅದೇ ವಾರ ಒಂದು ರಾತ್ರಿ ದೊಡ್ಡಾಸ್ಪತ್ರೆಯ ಐಸಿಯುಗೆ ಸಾಗಿಸಿದರು. ಅವರು ಉಳಿಯಲಿಲ್ಲ. ಅವರು ಹೇಳಿದ್ದೇ ಸರಿ ಎಂದು ಈಗಲೂ ಎಲ್ಲರಿಗೂ ಹೇಳುತ್ತೇನೆ. ಆಮೇಲೆ ನಾನು ಕಾರಿನಲ್ಲಿ ಎರಡೂ ಕಡೆಯಿಂದ ಹೋಗಿ ನೋಡಿದೆ, ಕಾಂಜೂರಿನಿಂದಲೇ ಹತ್ತಿರ.

ಜೂನ್ 15ರಿಂದ ಅಗತ್ಯ ಸೇವೆಯವರಿಗೆ ಲೋಕಲ್ ಶುರುವಾಯಿತು. ಆ ದಿನ ಅಜ್ಜ ಮಾವ್ಶಿಯ ಗುರುತಿನ ಚೀಟಿಯನ್ನು ಮೂರು ಸಲ ಪರೀಕ್ಷಿಸಿ ಅನುಮತಿ ಕೊಟ್ಟರು. ಅಷ್ಟು ಹೊತ್ತಿಗೆ ನನ್ನ ಹದಿನೈದು ದಿನದ ಗಡುವು ಮುಗಿದಿತ್ತು. ಆದರೂ ಹೋಗುತ್ತಲೇ ಇದ್ದೆ. ಮನೆಯಲ್ಲಿ ದೇಶಸೇವೆ ಎಂದು ಹೇಳಿದ್ದೆ. ನಿಜ ಹೇಳಬೇಕೆಂದರೆ, ಕ್ಲಿನಿಕ್ಕಿನಲ್ಲಿ ನಾನೊಬ್ಬನೇ.

ಅಜ್ಜ ಮನೆಗೆ ಹೊರಟ ದಿನವೇ ಗೊತ್ತಾದದ್ದು, ಮಾವ್ಶಿಗೆ ಗುತ್ತಿಗೆದಾರ ಎರಡು ತಿಂಗಳ ಸಂಬಳ ಕೊಟ್ಟಿಲ್ಲ ಎಂದು. ಮೇ 3ರಂದು ಹೆಲಿಕಾಪ್ಟರಿನಿಂದ ಕೆಇಎಂ, ಜೆಜೆ ಆಸ್ಪತ್ರೆಗಳ ಮೇಲೆ ಹೂವು ಸುರಿಸಿದ್ದನ್ನು ಟಿವಿಯಲ್ಲಿ ನೋಡಿದ್ದೆ, ಅದನ್ನು ಗುಡಿಸಿದವರನ್ನು ನೋಡಿರಲಿಲ್ಲ. ನಾನು ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದೆ, ಬಹಳ ನಯವಾಗಿತ್ತು. ಅಜ್ಜ ಅದನ್ನು ಓದಿ ಹರಿದು ಹಾಕಿ, ಯೂನಿಯನ್ನಿನಲ್ಲಿ ಪಳಗಿದ ಮರಾಠಿಯಲ್ಲಿ ಎಂಟು ಸಾಲು ಬರೆಸಿದರು. ಸಿಸ್ಟರು, ಹುಡುಗ ಡಾಕ್ಟರು, ನಾನು ಸಹಿ ಹಾಕಿದೆವು. ಪಕ್ಕದ ಪಾಳಿಯವರೂ ಹಾಕಿದರು. ಗುತ್ತಿಗೆದಾರನ ಆಫೀಸಿಗೆ ಎಲ್ಲರೂ ಕೂಡಿಯೇ ಹೋದೆವು, ಎರಡು ಗಜ ಅಂತರ ಬಿಟ್ಟು ನಿಂತದ್ದರಿಂದ ಐದೇ ಜನ ದೊಡ್ಡ ಮೋರ್ಚಾದಂತೆ ಕಂಡಿರಬೇಕು.

ನಾಲ್ಕು ದಿನ ಬಿಟ್ಟು ಮಾವ್ಶಿ ನಗುತ್ತ ಬಂದರು. ಬಂತೇ ಎಂದು ಕೇಳಿದೆ.

“ಒಂದ್ ತಿಂಗಳದ್ದು ಬಂತ್ರಿ ಸಾಹೇಬ್ರ. ಇನ್ನೊಂದ್ ತಿಂಗಳದ್ದು ಸ್ಲೋ ಗಾಡಿಗಿ ಬರ್ತದಂತ.”