ಉಣ್ಣೆಗೆಲ್ಲಿಯ ಮೈಲಿಗೆ?

ಈ ಚಳಿಗಾಲದಲ್ಲಿ ಹೊರನಾಡ ಕನ್ನಡ ಮನೆಗಳ ಊಟದ ಮೇಜಿಗೆ ಹೊಸದೊಂದು ವ್ಯಾಜ್ಯ ಬಂದಿದೆ. ಮಿನ್ನಿಯಾಪೊಲಿಸ್ಸಿನ ಸೊಸೆ ಯೂಟ್ಯೂಬ್ ನೋಡಿಕೊಂಡು ಹೆಣಿಗೆ ಕಲಿಯುತ್ತಿದ್ದಾಳೆ, ಆರು ತಿಂಗಳಿಗೆಂದು ಬಂದಿರುವ ಅತ್ತೆ ಅದನ್ನು ನೋಡುತ್ತಿದ್ದಾರೆ. ಜಗಳಕ್ಕೆ ಇಷ್ಟೇ ಸಾಕಿತ್ತು, ಆದರೂ ಆಗಿರಲಿಲ್ಲ. ಆದದ್ದು, ಸೊಸೆ ಥ್ರಿಫ್ಟ್ ಅಂಗಡಿಯಿಂದ ಏಳು ಡಾಲರಿಗೆ ಯಾರೋ ತೊಟ್ಟು ಬಿಟ್ಟ ಗಂಡಸರ ದೊಡ್ಡ ಸ್ವೆಟರೊಂದನ್ನು ತಂದು, ‘ಇದನ್ನು ಬಿಚ್ಚಿ ಮಗುವಿಗೆ ಟೋಪಿ ಹೆಣೀತೀನಿ’ ಅಂದಾಗ. ‘ಯಾರ ಮೈಮೇಲಿತ್ತೋ ಏನೋ! ಸತ್ತವರದ್ದೇ ಇರಬೇಕು ಕಣೇ’ ಎಂದು ಅತ್ತೆ ಕುರ್ಚಿಯನ್ನೇ ಹಿಂದಕ್ಕೆ ಸರಿಸಿದರು. ಅಂದಿನಿಂದ ಸ್ವೆಟರ್ ಬಾಲ್ಕನಿಯಲ್ಲಿ, ಮೈನಸ್ 18 ಡಿಗ್ರಿಯಲ್ಲಿ, ಬಹಿಷ್ಕಾರ ಅನುಭವಿಸುತ್ತಿದೆ. ಉಣ್ಣೆಗೆ ಬೀಳುವ ನುಸಿಹುಳುವನ್ನು ಕೊಲ್ಲಲು ಮ್ಯೂಸಿಯಮ್ಮಿನವರೂ ಹಳೆಯ ಬಟ್ಟೆಗಳನ್ನು ಹೀಗೇ ದಿನಗಟ್ಟಲೆ ಹೆಪ್ಪುಗಟ್ಟುವ ಚಳಿಯಲ್ಲಿಡುತ್ತಾರೆ. ಅಂದರೆ ಹಳೆಯ ಉಣ್ಣೆಗೆ ಮಾಡಬೇಕಾದ ಮೊದಲ ಸಂಸ್ಕಾರವನ್ನು ಅತ್ತೆಯೇ, ಸಿಟ್ಟಿನಲ್ಲಿ, ಬಿಟ್ಟಿಯಾಗಿ ಮುಗಿಸಿಕೊಟ್ಟಿದ್ದಾರೆ.

ನನ್ನ ವಾದ ಇಷ್ಟು: ಸೊಸೆ ಮಾಡಿದ್ದು ಸರಿ, ಅದೂ ಅತ್ತೆಯ ಶಾಸ್ತ್ರದ ಪ್ರಕಾರವೇ ಸರಿ. ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ಊರಿನ ಚೆಂದದ ನೂಲಿನಂಗಡಿಯಲ್ಲಿ ಕೈಯಲ್ಲಿ ಬಣ್ಣ ಹಾಕಿದ ಮೆರಿನೊ ಉಣ್ಣೆಯ ನೂರು ಗ್ರಾಮಿನ ಲಡಿಗೆ ಇಪ್ಪತ್ತೈದು ಮೂವತ್ತು ಡಾಲರ್. ದೊಡ್ಡವರ ಸ್ವೆಟರಿಗೆ ಸಾವಿರ ಮೀಟರಿಗಿಂತ ಹೆಚ್ಚು ನೂಲು ಬೇಕು, ಎಂದರೆ ಐದಾರು ಲಡಿ. ಡಾಲರ್ ಕಂಡರೆ ಸಾಕು ಮನಸ್ಸಿನಲ್ಲೇ ರೂಪಾಯಿಗೆ ಗುಣಿಸುವ ಅತ್ತೆಗೆ ಒಂದು ಲಡಿಯೇ ಎರಡು ಸಾವಿರ ದಾಟಿದಾಗ ತಲೆ ಸುತ್ತುತ್ತದೆ. ಕಲಿಯುವವಳೋ, ಹೆಣೆಯುವುದಕ್ಕಿಂತ ಬಿಚ್ಚುವುದೇ ಹೆಚ್ಚು. ಮೂವತ್ತು ಕುಣಿಕೆಯಿಂದ ಶುರುವಾದ ಮಫ್ಲರ್ ಒಂದು ಗೇಣು ಬೆಳೆಯುವಷ್ಟರಲ್ಲಿ ನಲವತ್ತೊಂದಾಗಿ, ಸೀದಾ ಯಾವುದು ಉಲ್ಟಾ ಯಾವುದು ಎಂದು ತಿಳಿಯದ ನಕಾಶೆಯಾಗಿರುತ್ತದೆ. ಅಂಥ ಕೈಗೆ ಬೇಕಾದದ್ದು ಹತ್ತು ಸಲ ಬಿಚ್ಚಿದರೂ ಸಿಟ್ಟಾಗದ, ನಯವಾದ, ತಿಳಿಬಣ್ಣದ ನೂಲು. ಕಪ್ಪು ಬೇಡ, ಕುಣಿಕೆ ಕಾಣುವುದಿಲ್ಲ. ಮಕ್ಕಳಿಗೆ ಕಪ್ಪು ಬೇಡ ಎಂದು ಅತ್ತೆಯೂ ಹೇಳುತ್ತಾರೆ. ಎರಡು ಬೇರೆ ಬೇರೆ ಶಾಸ್ತ್ರಗಳು ಇಡೀ ವ್ಯಾಜ್ಯದಲ್ಲಿ ಕೈಕುಲುಕುವ ಜಾಗ ಇದೊಂದೇ.

ಇನ್ನು ಮಡಿಯ ವಿಚಾರ. ಹತ್ತಿಬಟ್ಟೆ ಒಬ್ಬರು ಮುಟ್ಟಿದರೆ ಮೈಲಿಗೆ. ರೇಷ್ಮೆಗೂ ಉಣ್ಣೆಗೂ ಆ ಬಾಧೆಯಿಲ್ಲ. ಮಳೆಗಾಲದಲ್ಲಿ ಒಗೆದ ಸೀರೆ ಒಣಗದೇ ಇದ್ದಾಗ ಅತ್ತೆಯ ಅತ್ತೆ ಗಳುವಿನಿಂದ ಧಾಬಳಿ ಎಳೆದುಕೊಂಡು ಉಟ್ಟು ಅಡುಗೆಮನೆ ಹೊಕ್ಕದ್ದು ಈ ವಿನಾಯಿತಿಯಿಂದಲೇ. ಆ ಧಾಬಳಿ ವರ್ಷಕ್ಕೆ ಎಷ್ಟು ಸಲ ನೀರು ಕಂಡಿತ್ತು ಎಂದು ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಇಷ್ಟು ಸಾಲದಿದ್ದರೆ ಮನುಸ್ಮೃತಿಯ ಐದನೆಯ ಅಧ್ಯಾಯವಿದೆ: ರೇಷ್ಮೆ ಉಣ್ಣೆಗಳನ್ನು ಸವುಳು ಮಣ್ಣಿನಿಂದ, ಕಂಬಳಿಯನ್ನು ಅಂಟುವಾಳದಿಂದ ಶುದ್ಧಿ ಮಾಡಬೇಕೆಂದು ಅಲ್ಲಿ ಹೇಳಿದೆ. ಆ ಕಂಬಳಿಯನ್ನು ಮೊದಲು ಹೊದ್ದವನ ಗೋತ್ರ ಕೇಳಿಲ್ಲ. ಅಂಟುವಾಳವಾದರೋ ಅತ್ತೆಯ ಸೂಟ್‌ಕೇಸಿನಲ್ಲೇ ಇದೆ, ಸೀಗೆಪುಡಿಯ ಪಕ್ಕ, ಬಂಗಾರ ಒಗೆಯಲೆಂದು ತಂದದ್ದು. ಉಣ್ಣೆಗೂ ಅದು ಒಳ್ಳೆಯದೇ. ಬಿಸಿನೀರು, ಖಾರದ ಸೋಪು, ಉಜ್ಜಾಟ, ಈ ಮೂರೇ ಉಣ್ಣೆಯನ್ನು ಮುದ್ದೆಗಟ್ಟಿಸುವುದು. ಉಗುರುಬೆಚ್ಚಗಿನ ಅಂಟುವಾಳದ ನೀರಿನಲ್ಲಿ ನೆನೆಹಾಕಿ ಹಿಂಡದೆ ಎತ್ತಿದರೆ ಅದರ ಮೈ ಕೆಡುವುದಿಲ್ಲ.

ಇಲ್ಲಿ ಪ್ರತಿವಾದಿಯ ಕಡೆಯಿಂದ ಒಂದು ಗಟ್ಟಿ ಪ್ರಶ್ನೆ ಏಳುತ್ತದೆ. ಅದು ನಿಜವಾಗಿ ಉಣ್ಣೆಯೇ ಎಂದು ಹೇಗೆ ನಂಬುವುದು? ಅಕ್ರಿಲಿಕ್ ಆಗಿದ್ದರೆ? ಅಕ್ರಿಲಿಕ್ ನೂಲು ಪೇಟೆಗೆ ಬಂದದ್ದೇ 1950ರಲ್ಲಿ, ಡ್ಯುಪಾಂಟ್ ಕಂಪನಿಯ ಓರ್ಲಾನ್ ಎಂಬ ಹೆಸರಿನಲ್ಲಿ. ಪೆಟ್ರೋಲಿಯಮ್ಮಿನಿಂದ ಆದದ್ದಕ್ಕೆ ಮಡಿಯೋ ಮೈಲಿಗೆಯೋ ಎಂದು ಯಾವ ಸ್ಮೃತಿಕಾರನೂ ಹೇಳಿ ಹೋಗಿಲ್ಲ. ಹಾಗಾಗಿ ಲೇಬಲ್ ಓದಬೇಕು. ಲೇಬಲ್ ಕಿತ್ತಿದ್ದರೆ ಒಂದೆಳೆಗೆ ಬೆಂಕಿ ತಾಗಿಸಬೇಕು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆಂಕಿ ತಾನೇ ಆರಿ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಕರಿಮಣಿಯಾಗುತ್ತದೆ. ಸ್ಮೋಕ್ ಅಲಾರಂ ಕೂಗಿಕೊಳ್ಳುತ್ತದೆ ಎನ್ನುವವರಿಗೆ ಒಂದೇ ಮಾತು: ದಿನಾ ಒಗ್ಗರಣೆಗೆ ಕೂಗುವ ಅಲಾರಂ ಇದಕ್ಕೂ ಕೂಗಲಿ ಬಿಡಿ.

‘ಊರಿಂದಲೇ ತರಿಸಿದರಾಗದೇ, ಲೂಧಿಯಾನದ ನೂಲು ಎಷ್ಟು ಸಸ್ತಾ’ ಎಂಬುದು ಎರಡನೆಯ ಆಕ್ಷೇಪ. ಸಸ್ತಾ ಹೌದು. ಆದರೆ ಅದರಲ್ಲಿ ಬಹುಪಾಲು ಅದೇ ಅಕ್ರಿಲಿಕ್. ಅದೂ ಅಲ್ಲದೆ ಸೂಟ್‌ಕೇಸಿಗೆ ಇಪ್ಪತ್ಮೂರು ಕಿಲೋ ಮಿತಿ. ಹುಳಿಪುಡಿ, ಹಪ್ಪಳ, ಮೂರು ಬಗೆಯ ಉಪ್ಪಿನಕಾಯಿ ಇಟ್ಟ ಮೇಲೆ ನೂಲಿಗೆ ಜಾಗ ಮಾಡಲು ಅತ್ತೆ ಯಾವುದನ್ನು ತೆಗೆಯುತ್ತಾರೆ? ಇನ್ನು ಕೆಲವರು ಮಾನದ ಪ್ರಶ್ನೆ ತೆಗೆಯುತ್ತಾರೆ: ಅಷ್ಟು ಸಂಪಾದಿಸುವ ಮಗನ ಮನೆಯಲ್ಲಿ ಹಳೇ ಬಟ್ಟೆ ಬಿಚ್ಚುವುದೇ? ಬ್ರಿಟನ್ನಿನಲ್ಲಿ 1941ರಿಂದ 1949ರವರೆಗೆ ಬಟ್ಟೆಗೂ ಹೆಣೆಯುವ ಉಣ್ಣೆಗೂ ರೇಷನ್ ಇದ್ದಾಗ ಅಲ್ಲಿಯ ಹೆಂಗಸರು ಹಳೆಯ ಜಂಪರುಗಳನ್ನು ಬಿಚ್ಚಿಯೇ ಹೊಸದು ಹೆಣೆದರು. 1943ರಲ್ಲಿ ಸರ್ಕಾರವೇ ‘ಮೇಕ್ ಡೂ ಅಂಡ್ ಮೆಂಡ್’ ಎಂದು ಪುಸ್ತಿಕೆ ಹಂಚಿತು. ಹಾಲಿನ ಕವರ್ ತೊಳೆದು ಒಣಗಿಸಿ ಅದರಲ್ಲೇ ಕರಿಬೇವು ಇಡುವ ಅತ್ತೆ ಮಾನದ ಮಾತು ಎತ್ತದಿರುವುದೇ ಮೇಲು.

ಸೊಸೆಯ ಪಕ್ಷದಲ್ಲೂ ಹುಳುಕಿದೆ. ಯೂಟ್ಯೂಬಿನವರು ಹೇಳಿದ್ದು ಅವಳ ಒಂದು ಕಿವಿಗಷ್ಟೇ ಬಿದ್ದಿದೆ. ಎಲ್ಲ ಸ್ವೆಟರೂ ಬಿಚ್ಚಿಬರುವುದಿಲ್ಲ. ಒಳಗಡೆಯ ಅಂಚಿಗೆ ಓವರ್‌ಲಾಕ್ ಹೊಡೆದಿದ್ದರೆ ಕಾರ್ಖಾನೆಯಲ್ಲೇ ಪ್ರತಿ ಸಾಲಿನ ನೂಲೂ ತುಂಡಾಗಿರುತ್ತದೆ. ಬಿಚ್ಚಿದರೆ ಸಿಗುವುದು ನೂಲಲ್ಲ, ಶಾವಿಗೆ. ಸರಪಳಿ ಹೊಲಿಗೆಯಲ್ಲಿ ಜೋಡಿಸಿದ್ದೇ ಆಗಬೇಕು. ಅದನ್ನೂ ಸರಿಯಾದ ತುದಿ ಹಿಡಿದು ಎಳೆದರಷ್ಟೇ ಸರ್‍ರನೆ ಬರುತ್ತದೆ, ಇಲ್ಲವಾದರೆ ಗಂಟು. ಸೊಸೆ ಕತ್ತರಿ, ಪಿನ್ನು, ಹಲ್ಲು ಎಲ್ಲ ಉಪಯೋಗಿಸಿ ಸೋಲುವುದು ಇಲ್ಲೇ. ಇದು ಸೋನಾಮಸೂರಿ ಅಕ್ಕಿಮೂಟೆಯ ಬಾಯಿಗೆ ಹಾಕುವ ಹೊಲಿಗೆಯೇ. ನಲವತ್ತು ವರ್ಷ ಮೂಟೆ ಬಿಚ್ಚಿದ ಕೈಗೆ ತುದಿ ಯಾವುದೆಂದು ಕಣ್ಣು ಮುಚ್ಚಿದರೂ ಗೊತ್ತು. ದೂರದಿಂದ ‘ಆ ಕಡೆ ಅಲ್ವೇ, ಈ ಕಡೆ’ ಎಂದು ನಾಲ್ಕು ಸಲ ಹೇಳಿ, ಐದನೆಯ ಸಲಕ್ಕೆ ತಡೆಯಲಾರದೆ ಬಂದು ಎಳೆದೇಬಿಡುವ ಅತ್ತೆಯನ್ನು ಮೈಲಿಗೆಯ ನೆಪ ಹೇಳಿ ಯಾರೂ ತಡೆಯಬಾರದು. ಗಂಡಸರ ಒಂದು ಸ್ವೆಟರಿನಲ್ಲಿ ಕಿಲೋಮೀಟರಿಗೂ ಹೆಚ್ಚು ನೂಲಿರುತ್ತದೆ. ಅಷ್ಟನ್ನು ಮೊಣಕೈಗೂ ಹೆಬ್ಬೆರಳಿಗೂ ಸುತ್ತಿ ಲಡಿ ಮಾಡುತ್ತಾ ಕೂರುವ ಹೊತ್ತು, ಮಗ ಆಫೀಸಿನಿಂದ ಬರುವವರೆಗೆ ಕಿಟಕಿಯಾಚೆಯ ಹಿಮವನ್ನೇ ನೋಡುತ್ತ ಕೂರುವ ಹೊತ್ತಿಗಿಂತ ಎಷ್ಟೋ ವಾಸಿ. ಈ ಒಂದು ಅಂಶವನ್ನು ನಾನು ವಾದಕ್ಕಾಗಿ ಹೇಳುತ್ತಿಲ್ಲ.

ಟೋಪಿ ತೊಡಬೇಕಾದವನ ಆಕ್ಷೇಪ ಬಾಕಿ ಉಳಿದಿದೆ. ಅವನಿಗೆ ಒಂಬತ್ತು ವರ್ಷ. ಮೈನಸ್ 18ರಲ್ಲಿ ಚಡ್ಡಿ ಹಾಕಿಕೊಂಡು ಸ್ಕೂಲ್ ಬಸ್ಸಿಗೆ ನಿಂತು, ‘ಅಜ್ಜಿ, ಇಟ್ಸ್ ನಾಟ್ ಚಳಿ’ ಎನ್ನುವ ಜಾತಿ. ಉಣ್ಣೆ ಚುಚ್ಚುತ್ತದೆ ಎಂಬ ಅವನ ದೂರು ಸುಳ್ಳಲ್ಲ. ಒರಟು ಎಳೆಯ ಉಣ್ಣೆ ಎಳೆಯ ಹಣೆಗೆ ಚುಚ್ಚುತ್ತದೆ. ಒಳಗೆ ಹತ್ತಿಯ ಅಸ್ತರಿ ಕೊಟ್ಟರೆ ಚುಚ್ಚುವುದು ನಿಲ್ಲುತ್ತದೆ. ಆದರೆ ಹತ್ತಿಯನ್ನು ಬಸ್ಸಿನಲ್ಲಿ ಯಾರು ಯಾರು ಮುಟ್ಟುತ್ತಾರೋ ಎಂದು ಅತ್ತೆ ಈಗಾಗಲೇ ಕೇಳುತ್ತಿದ್ದಾರೆ.