ಹಿಡಿ-ಬಿಡು ಮೀಮಾಂಸೆ

ಪೀಠಿಕೆ: ಬಿಟ್‌ಕಾಯಿನ್ ಕೊಂಡವನು ಎಲ್ಲಿಯವರೆಗೆ ಹಿಡಿದಿರಬೇಕು, ಯಾವಾಗ ಬಿಡಬೇಕು ಎಂಬ ಜಿಜ್ಞಾಸೆ ದೋಹಾದ ನಜ್ಮಾದಲ್ಲಿರುವ ನಮ್ಮ ಬ್ಯಾಚುಲರ್ ರೂಮಿನಲ್ಲಿ ಒಂದು ಶುಕ್ರವಾರ ಹುಟ್ಟಿ, ಕರಕ್ ಚಹಾ ಆರುವ ಮುನ್ನವೇ ಎರಡು ಪಂಥಗಳಾಗಿ ಒಡೆಯಿತು. ಕೆಳಗಿನ ಮಂಚದ ಪುತ್ತೂರಿನವರು ಹಿಡಿವಾದಿಗಳು. ಮೇಲಿನ ಮಂಚದ ಹಾಸನದವರು ಬಿಡುವಾದಿಗಳು. ಇಬ್ಬರ ಬಳಿಯೂ ಬಿಟ್‌ಕಾಯಿನ್ ಇಲ್ಲದ್ದರಿಂದ ವಾದ ಪೂರ್ತಿ ನಿಷ್ಪಕ್ಷಪಾತವಾಗಿ ನಡೆಯಿತು.

ಶಬ್ದನಿಷ್ಪತ್ತಿ: ಹಿಡಿವಾದಿಗಳ ಬೀಜಮಂತ್ರ 'ಹೋಡ್ಲ್'. 2013ರ ಡಿಸೆಂಬರಿನಲ್ಲಿ, ಬೆಲೆ ಕುಸಿಯುತ್ತಿದ್ದಾಗ, ವಿಸ್ಕಿ ಏರಿಸಿದ್ದ ಹೂಡಿಕೆದಾರನೊಬ್ಬ 'ಹೋಲ್ಡ್' ಎಂದು ಬರೆಯಹೋಗಿ ಅಕ್ಷರ ಹಿಂದುಮುಂದಾಯಿತೆಂಬುದು ಪಾಶ್ಚಾತ್ಯ ಮತ. ಇದು ಅಗ್ರಾಹ್ಯ. ಹಳಗನ್ನಡದ 'ಒಡಲ್'ಗೆ ಹಾಸನದವರು ಇಲ್ಲದ ಹಕಾರ ಹಚ್ಚಿದ್ದೇ ಮೂಲ. ಒಡಲು ಉರಿದರೂ ಕೈ ಬಿಡದಿರುವುದು ಎಂದರ್ಥ.

ಪೂರ್ವಪಕ್ಷ: 2010ರ ಮೇ 22ರಂದು ಅಮೆರಿಕದ ಲಾಸ್ಲೊ ಹನ್ಯೆಟ್ಸ್ 10,000 ಬಿಟ್‌ಕಾಯಿನ್ ಕೊಟ್ಟು ಎರಡು ಪಿಜ್ಜಾ ತರಿಸಿಕೊಂಡ. 2024ರ ಡಿಸೆಂಬರಿನಲ್ಲಿ ಒಂದು ಬಿಟ್‌ಕಾಯಿನ್ ಬೆಲೆ ಲಕ್ಷ ಡಾಲರ್ ದಾಟಿತು. ಆ ಲೆಕ್ಕಕ್ಕೆ ಪಿಜ್ಜಾ ಒಂದಕ್ಕೆ 50 ಕೋಟಿ ಡಾಲರ್. ಆದ್ದರಿಂದ ಹಸಿವೇ ಹೂಡಿಕೆಯ ಪರಮಶತ್ರು. ಮೇಲಾಗಿ ಜಗತ್ತಿಗೆಲ್ಲ ಹೆಚ್ಚೆಂದರೆ 2.1 ಕೋಟಿ ನಾಣ್ಯ ಮಾತ್ರ; ಮಿತಿ ಮೀರದ ವಸ್ತುವಿನ ಬೆಲೆ ಇಳಿಯುವುದೆಂತು ಮಾರಾಯ್ರೆ?

ಉತ್ತರಪಕ್ಷ: ಇಳಿಯುವುದು ಹೀಗೆ. 2021ರ ನವೆಂಬರಿನಲ್ಲಿ 69,000 ಡಾಲರ್ ಸಮೀಪವಿದ್ದದ್ದು ಮರುವರ್ಷ ಅದೇ ತಿಂಗಳಿಗೆ 16,000ದ ಆಸುಪಾಸಿಗೆ ಬಿತ್ತು. ಆಗಲೇ ಇಲ್ಲಿ ಫುಟ್‌ಬಾಲ್ ವಿಶ್ವಕಪ್. ಪ್ರಾಯೋಜಕರಲ್ಲಿ ಕ್ರಿಪ್ಟೋ ಡಾಟ್ ಕಾಮ್ ಕೂಡ ಒಂದು. ಕತಾರ್ ಸೆಂಟ್ರಲ್ ಬ್ಯಾಂಕೋ, ಬಿಟ್‌ಕಾಯಿನ್ ಸಹವಾಸ ಬೇಡವೆಂದು 2018ರಲ್ಲೇ ಬ್ಯಾಂಕುಗಳಿಗೆ ತಾಕೀತು ಮಾಡಿತ್ತು. ದರ್ಶನವುಂಟು, ಪ್ರಸಾದವಿಲ್ಲ.

ದೃಷ್ಟಾಂತ: ಎಣ್ಣೆ ಸಿಗುವ ಮೊದಲು ಈ ನಾಡು ಬದುಕಿದ್ದು ಮುತ್ತಿನಿಂದ. ಬೇಸಿಗೆಯಿಡೀ ಮುಳುಗುಗಾರರು ಉಸಿರು ಕಟ್ಟಿ ತಂದ ಮುತ್ತು ಬೊಂಬಾಯಿ ಪೇಟೆ ಸೇರುತ್ತಿತ್ತು. ಸಮುದ್ರ ಕೊಡುವುದೂ ಲೆಕ್ಕದಷ್ಟೇ. ಆದರೆ ಜಪಾನಿನ ಮಿಕಿಮೊಟೊ ಮುತ್ತಿನ ಕೃಷಿಯನ್ನೇ ಶುರುಮಾಡಿದ. 1929ರ ಆರ್ಥಿಕ ಕುಸಿತದ ಬಳಿಕ ಕೊಳ್ಳುವವರ ಕೈಯೂ ಬರಿದಾಯಿತು. 1930ರ ದಶಕದಲ್ಲಿ ಮುತ್ತಿನ ವ್ಯಾಪಾರವೇ ಮುಳುಗಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಗೆ ದೋಹಾ ಪಾಠಾಂತರ: ಮುತ್ತು ಒಡೆಯದೆಯೂ ಹೋಗುತ್ತದೆ.

ಪುತ್ತೂರಿನವರ ಆಕ್ಷೇಪ: ಬಿಟ್‌ಕಾಯಿನ್ನಿಗೆ ಸಿಂಪಿ ಬೇಡ. ಹಾಸನದವರ ಸಮಾಧಾನ: ಕೊಳ್ಳುವವನು ಬೇಕು ತಾನೆ?

ಸಿದ್ಧಾಂತ: ಬೆಲೆ ಏರಿದರೆ ಹಿಡಿದವನು ಯೋಗಿ, ಮಾರಿದವನು ಪುಕ್ಕಲ, ಇಳಿದರೆ ಮಾರಿದವನು ಜಾಣ, ಹಿಡಿದವನು ಲೋಭಿ. ಎರಡೂ ಶಾಸ್ತ್ರಗಳ ರಚನಾಕಾಲ ಬೆಲೆ ಗೊತ್ತಾದ ಮರುದಿನ.

ಉಪಸಂಹಾರ: ಡಾಲರಿಗೆ 3.64 ರಿಯಾಲ್ ಎಂದು 2001ರಲ್ಲಿ ಕಟ್ಟಿದ ಗಂಟು ಇನ್ನೂ ಸಡಿಲಿಲ್ಲ. ಎರಡೂ ಪಂಥದವರು ಸಂಬಳವಾದ ದಿನ ಊರಿಗೆ ಕಳಿಸುವುದು ಆ ರಿಯಾಲನ್ನೇ. ಅದರ ಬಗ್ಗೆ ನಮ್ಮ ರೂಮಿನಲ್ಲಿ ಇದುವರೆಗೆ ಒಂದು ಚಹಾದಷ್ಟೂ ಚರ್ಚೆಯಾಗಿಲ್ಲ.